ಅವ್ವನ ಚಿಲಕ

ಇವತ್ತು ಬೆಳಿಗ್ಗೆ ಮನೆಯೆಲ್ಲ ಹರಳೆಣ್ಣೆಯ ವಾಸನೆ. ಎದ್ದು ನೋಡಿದರೆ ಅವ್ವ ಕೋಳಿಗರಿಯನ್ನು ಎಣ್ಣೆಗೆ ಅದ್ದಿ ಬೀದಿಬಾಗಿಲ ಚಿಲಕಕ್ಕೆ ಸವರುತ್ತಿದ್ದಳು. ಪಕ್ಕದ ಗೋಡೆಯಲ್ಲೇ ನನ್ನ ಬಿ.ಎ. ಪದವಿಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು. ಅದರ ಧೂಳನ್ನು ಅವ್ವ ಒಂದು ದಿನವೂ ಒರೆಸಿದವಳಲ್ಲ. ಚಿಲಕಕ್ಕೆ ಮಾತ್ರ ಈ ಉಪಚಾರ. ಹಬ್ಬಕ್ಕೊಮ್ಮೆ ನಡೆಯುವ ಕೆಲಸ ಇವತ್ತೇಕೆ ಎಂದು ನನಗೆ ಹೊಳೆಯಲಿಲ್ಲ.

ಅವ್ವನ ಕಥೆ ನಿಮಗೆ ಹೇಳಬೇಕು. ಕುಂಸಿ ಕಡೆಯ ಜಮೀನುದಾರರ ಮಗಳು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗ, ತವರಿನ ಬಳುವಳಿಯಾಗಿ ಎರಡು ತಾಮ್ರದ ಹಂಡೆ, ಒಂದು ಕರೆಯುವ ಹಸು, ಹತ್ತು ವರ್ಷದ ನಮ್ಮವ್ವ ಜೊತೆಗೆ ಬಂದರು. ಹಂಡೆಗೆ ತೂತು ಬಿತ್ತು, ಹಸು ಮುದಿಯಾಯಿತು. ಅವ್ವ ದುಡಿಯುತ್ತಲೇ ಇದ್ದಳು. ಅದೇ ಮನೆಯ ಆಳಿಗೆ ಅವಳನ್ನು ಕೊಟ್ಟು ಮದುವೆ ಮಾಡಿದರು. ಅಪ್ಪ ಜ್ವರದಲ್ಲಿ ತೀರಿಕೊಂಡ. ಸಂಬಳವೆಂಬುದಿಲ್ಲ. ಮಲಗುವುದು ಒರಳುಕಲ್ಲಿನ ಪಕ್ಕ, ಯಾರು ಬೇಕಾದರೂ ಕಾಲಲ್ಲಿ ತಟ್ಟಿ ಎಬ್ಬಿಸುವಂಥ ಜಾಗ. ಬೀದಿಯ ಜನ ಇದಕ್ಕೆ 'ಸಾಕಿಕೊಂಡಿದ್ದಾರೆ' ಎನ್ನುತ್ತಿದ್ದರು.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಾಗ ಅವ್ವನ ತಮ್ಮನಿಗೆ, ಅಂದರೆ ನನ್ನ ಮಾವನಿಗೆ, ಅಲ್ಲಿ ಕೆಲಸವೂ ಇರಲೊಂದು ಲೈನುಮನೆಯೂ ಸಿಕ್ಕಿತು. ಒಂದು ಮಧ್ಯಾಹ್ನ ಜಟಕಾ ಮಾಡಿಕೊಂಡು ಬಂದೇಬಿಟ್ಟ. ನಾಲ್ಕು ವರ್ಷದ ನನ್ನನ್ನು ಎತ್ತಿಕೊಂಡು ಅವ್ವ ಗಾಡಿ ಹತ್ತಿದ್ದೇ ತಡ, ಯಜಮಾನರು ಜಗಲಿಯಿಂದ ಕೂಗಿದರಂತೆ:

"ಏಯ್ ಜಟಕಾ, ಇಳಿಸೋ ಅವಳನ್ನ! ಬಳುವಳಿ ಬಂದೋಳು, ನಮ್ಮನೆ ಸೊತ್ತು ಅವಳು!"

ಜಟಕಾದ ಸಾಬರು ತಿರುಗಿಯೂ ನೋಡದೆ, "ಏನ್ ಮಾಡ್ಲಿ ಸ್ವಾಮಿ, ಹೊರಟ್ಮೇಲೆ ಈ ಕುದುರೆ ನಿಲ್ಲಲ್ಲ" ಎಂದರಂತೆ. ಹುಲ್ಲುಕಡ್ಡಿ ಕಂಡಲ್ಲೆಲ್ಲ ನಿಂತುಬಿಡುವ ಆ ಕುದುರೆಯನ್ನು ಇಡೀ ಬೀದಿಯೇ ಬಲ್ಲದು. ಆದರೂ ಎದುರುಮನೆಯವರು, "ಹೌದೌದು, ಅದು ನಿಲ್ಲಲ್ಲ" ಎಂದು ದನಿಗೂಡಿಸಿದರು. ಯಾರೂ ಅಡ್ಡ ಬರಲಿಲ್ಲ. ಅಷ್ಟರಿಂದಲೇ ಅವ್ವ ಪಾರಾದಳು. ಅಷ್ಟೇ ಸಾಕಿತ್ತೆಂದರೆ, ಆ ಬೀದಿಗೆ ಹದಿನೈದು ವರ್ಷ ಯಾಕೆ ಬೇಕಾಯಿತೋ!

ಲೈನುಮನೆಯ ಮೊದಲ ದಿನ ಅವ್ವ ಒಳಗಿನಿಂದ ಚಿಲಕ ಹಾಕಿ ಉಣ್ಣಲು ಕೂತಳು. ಪಾಳಿ ಮುಗಿಸಿ ಬಂದ ಮಾವ ಬಾಗಿಲು ಬಡಿದ.

"ಯಾರು?"

"ನಾನು ಕಣಕ್ಕ, ತೆಗಿ ಮಾರಾಯ್ತಿ!"

"ತಾಳೋ, ಉಣ್ತಿದೀನಿ."

ಮಾವ ಹೊರಗೆ ಕೂತು ಒಂದು ಬೀಡಿ ಪೂರ್ತಿ ಸೇದಿದ.

ಇನ್ನು ನನ್ನ ವಿಷಯ. ನಿನ್ನೆ ಸಂಜೆ ಹೆಂಡತಿಯ ಚಿಕ್ಕಪ್ಪ ಕುಂಸಿಯಿಂದ ನಿಂಗಿ ಎಂಬ ಹೆಂಗಸನ್ನು ಕರೆತಂದು, "ಊಟ ಬಟ್ಟೆ ಕೊಟ್ರಾಯ್ತು ಅಳಿಯಂದ್ರೇ, ಬಿದ್ದಿರ್ತಾಳೆ" ಎಂದು ಬಿಟ್ಟುಹೋದರು. ಮೊನ್ನೆಯಷ್ಟೇ ಶಾಲೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ ಈ ಮೇಷ್ಟ್ರು, ಒಳ್ಳೆಯದಾಯಿತು ಎಂದುಕೊಂಡು ಮಲಗಿದ್ದರು.

ಬೆಳಿಗ್ಗೆ ಗರಿಯನ್ನು ಬಟ್ಟಲಲ್ಲಿಟ್ಟು ಅವ್ವ ಕೇಳಿದಳು: "ನಿಂಗಿ ಎಲ್ಲಿ ಮಲಗಿದ್ಳೋ?"

"ಒರಳುಕಲ್ಲಿನ ಹತ್ರ" ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ನಿಂಗಿಯನ್ನು ಕೂರಿಸಿ, ಎಲ್ಲಿರೋಕೆ ಇಷ್ಟ ಎಂದು ಕೇಳಿದೆವು. ಕೂರುವುದಕ್ಕೇ ಅವಳಿಗೆ ಬಹಳ ಹೊತ್ತು ಹಿಡಿಯಿತು. "ಕುಂಸೀಲಿ ನಮ್ಮಕ್ಕ ಅವ್ಳೆ, ಕೂಲಿಗೆ ಹೋಗ್ತಾಳೆ. ನಾನೂ ಅಲ್ಲೇ ಇರ್ತೀನಿ" ಎಂದಳು. ರೈಲಿನಲ್ಲಿ ಜೊತೆಗೆ ಹೋಗಿ ಅವಳನ್ನು ಅಕ್ಕನ ಮನೆ ಸೇರಿಸಿದೆ. ಚಿಕ್ಕಪ್ಪನವರ ಮನೆಗೂ ಹೋಗಿ, ಇವಳನ್ನು ಮತ್ತೆ ಎಳೆದುತಂದರೆ ಅಮಲ್ದಾರರಿಗೆ ಅರ್ಜಿ ಬರೆಯುವವನು ನಾನೇ ಎಂದೆ.

"ಬಿ.ಎ. ಓದಿ ಕೆಟ್ರಿ ಅಳಿಯಂದ್ರೇ."

"ಹೂಂ, ಕೆಡೋದು ಸ್ವಲ್ಪ ತಡವಾಯ್ತು" ಎಂದೆ.

ಸಂಜೆ ಬಂದು ಮನೆಯ ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು.

"ಯಾರು?"

"ನಾನವ್ವ."

"ನಿಂಗಿ?"

"ಅವರಕ್ಕನ ಮನೇಲಿ. ಚಿಲಕ ಐತೆ, ನೋಡ್ಕೊಂಡೇ ಬಂದೆ."

"ಹಂಗಾದ್ರೆ ತಾಳು, ಉಣ್ತಿದೀನಿ."

ಜಗಲಿಯ ಮೇಲೆ ಕೂತಿದ್ದೇನೆ. ಆತುರವೇನಿಲ್ಲ, ನಿಧಾನವಾಗಿ ಉಣ್ಣಲಿ.