ಪಡಸಾಲೆಯ ಗೆಳತಿಯನ್ನು ಹುಡುಕಿ ಖಾನಾಪುರಕ್ಕೆ

ತುಮಕೂರಿನಲ್ಲಿ ರಾತ್ರಿ ಹತ್ತಿದ ಬಸ್ಸು ಬೆಳಗಾವಿ ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಾನೂರಕ್ಕೂ ಹೆಚ್ಚು ಕಿಲೋಮೀಟರಿನ ದಾರಿ. ಹಾವೇರಿ ದಾಟಿದ ಮೇಲೆ ಕಿಟಕಿಯ ಸಂದಿಯಿಂದ ಒಳಬರುತ್ತಿದ್ದ ಡಿಸೆಂಬರಿನ ಗಾಳಿಗೆ ನಿದ್ದೆ ಹತ್ತಿರಲಿಲ್ಲ. ನಿಲ್ದಾಣದ ಹೊರಗೆ ಆಟೋದವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತ ನಿಂತಿದ್ದರು. ಒಬ್ಬಾತ ಎಲ್ಲಿಗೆಂದು ಮೊದಲು ಮರಾಠಿಯಲ್ಲಿ ಕೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದ. ಮಹಾಂತೇಶ ನಗರ ಎಂದೆ. ಅಲ್ಲಿ ಪರಿಚಿತರಾದ ಹಿರೇಮಠ ಸರ್ ಮನೆಯಲ್ಲಿ ನನ್ನ ವಾಸ್ತವ್ಯ.

ಹೋದ ಕಾರಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ತುಮಕೂರಿನ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಎಂಟೊಂಬತ್ತು ವರ್ಷಗಳ ಹಿಂದೆ ಬೇರೆ ಬೇರೆ ಊರಿನ ಕೆಲವು ಅಧ್ಯಾಪಕರು ಸೇರಿ, ಬಿಡುವಿನ ವೇಳೆಯಲ್ಲಿ, ‘ಪಡಸಾಲೆ’ ಎಂಬ ತಂತ್ರಾಂಶ ಕಟ್ಟಿದೆವು. ವಿದ್ಯಾರ್ಥಿಗಳು ಅದರಲ್ಲಿ ಪಾಠ ಓದುತ್ತಾರೆ, ಬರೆದದ್ದನ್ನು ಒಪ್ಪಿಸುತ್ತಾರೆ, ಅಂಕ ನೋಡುತ್ತಾರೆ. ಅದೊಂದು ಮುಕ್ತ ತಂತ್ರಾಂಶ. ಯಾವ ಕಾಲೇಜು ಬೇಕಾದರೂ ಶುಲ್ಕವಿಲ್ಲದೆ ಪಡೆದು, ಒಳಗಿನದನ್ನು ಓದಿ, ತಮಗೆ ಬೇಕಾದಂತೆ ತಿದ್ದಿ, ತಿದ್ದಿದ್ದನ್ನು ಎಲ್ಲರಿಗೂ ಕೊಡಬಹುದು. ಮಾಲೀಕರು ಅಂತ ಯಾರೂ ಇಲ್ಲ.

ಮೊದಮೊದಲು ನಮ್ಮದು ದೊಡ್ಡ ಗುಂಪೇ ಇತ್ತು. ಒಬ್ಬರಿಗೆ ವರ್ಗವಾಯಿತು, ಒಬ್ಬರು ನಿವೃತ್ತರಾದರು, ಕೆಲವರು ಸುಮ್ಮನೆ ಸೋತರು. ಕಡೆಗೆ ಇಬ್ಬರೇ ಉಳಿದೆವು: ನಾನು ಮತ್ತು ಖಾನಾಪುರದ ಕಾಲೇಜಿನ ಗ್ರಂಥಪಾಲಕಿ ಸುರೇಖಾ ದೇಸಾಯಿ. ಕೋಡ್ ನನ್ನದು, ಮಾತುಗಳು ಅವರವು. ಪರದೆಯ ಮೇಲೆ ಕಾಣುವ ಪ್ರತಿಯೊಂದು ಕನ್ನಡ, ಮರಾಠಿ ಪದವನ್ನು ಅವರೇ ಆರಿಸಿದ್ದರು. ಪಡಸಾಲೆಯಿಂದ ಹೊರಬೀಳುವ ಗುಂಡಿಗೆ ನಾನು ‘ನಿರ್ಗಮಿಸು’ ಎಂದು ಬರೆದಿದ್ದೆ. ಇದು ಮಕ್ಕಳನ್ನು ಹೊರಗಟ್ಟಿದ ಹಾಗಿದೆ ಎಂದು ಮೇಲ್ ಬರೆದು ಅದನ್ನು ‘ಹೋಗಿ ಬರುವೆ’ ಎಂದು ಬದಲಾಯಿಸಿದವರು ಅವರು. ಸಂಜೆ ಕಾಲೇಜಿನಿಂದ ಬಂದು ಚಹಾ ಮಾಡಿಕೊಂಡು ಅವರ ಮೇಲ್ ತೆರೆಯುವುದು ನನ್ನ ದಿನದ ಒಳ್ಳೆಯ ಹೊತ್ತಾಗಿತ್ತು. ನಾವು ಒಮ್ಮೆಯೂ ಭೇಟಿಯಾಗಿರಲಿಲ್ಲ. ಹೋದ ವರ್ಷದ ಗಣೇಶನ ಹಬ್ಬದ ನಂತರ ಅವರಿಂದ ಉತ್ತರ ಬರುವುದು ನಿಂತೇಹೋಯಿತು.

ನಾನು ಬಂದದ್ದು ಒಂದು ಸಭೆಗೆ. ಅದು ಆ ಬೆಳಗ್ಗೆಯೇ ಊರಿನ ದಂಡು ಪ್ರದೇಶವಾದ ಕ್ಯಾಂಪ್ ಕಡೆಯ ಕಾಲೇಜೊಂದರಲ್ಲಿ ನಡೆಯಿತು. ಪಡಸಾಲೆ ಬಳಸುವ ಈ ಭಾಗದ ಕಾಲೇಜುಗಳವರೆಲ್ಲ ಬಂದಿದ್ದರು. ಒಂದು ಕಂಪನಿ ಇದೇ ಕೆಲಸಕ್ಕೆ ಹೊಸ ಆಪ್ ತಂದಿತ್ತು, ಮೊದಲ ವರ್ಷ ಪುಕ್ಕಟೆ. ಪಡಸಾಲೆಯಲ್ಲೇ ಉಳಿಯುವುದೋ ಆ ಕಡೆ ಹೋಗುವುದೋ ಎಂಬುದು ಪ್ರಶ್ನೆ. ನಾನು ಅರ್ಧ ಗಂಟೆ ಮಾತಾಡಿದೆ. ಕಂಪನಿಯ ಒಪ್ಪಂದ ಮುಗಿದ ದಿನ ನಿಮ್ಮ ಪಾಠಗಳು ನಿಮ್ಮ ಕೈಯಲ್ಲಿ ಇರುತ್ತವೆಯೇ ಎಂದು ಕೇಳಿದೆ. ಎಲ್ಲರೂ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಹಿರೇಮಠ ಸರ್ ಎದ್ದರು. ಅವರು ಇಲ್ಲಿನ ಕಾಲೇಜೊಂದರ ಪ್ರಾಚಾರ್ಯರು, ಮೊದಲಿನಿಂದ ನಮ್ಮ ಪರವಾಗಿದ್ದವರು.

“ಪಡಸಾಲಿ ಬಗ್ಗೆ ಯಾರದೂ ತಕರಾರ ಇಲ್ರೀ ಮೇಡಂ. ಪರೀಕ್ಷಾ ಟೈಮಿನ್ಯಾಗ ಕೆಟ್ಟು ನಿಂತ್ರ ಯಾರಿಗೆ ಫೋನ್ ಮಾಡೂದು? ಈಗ ನೀವ ಒಬ್ಬರ ಅದೀರಿ. ನಿಮಗ ಜ್ವರಾ ಬಂದ್ರ?”

ಮರುದಿನ ಮಧ್ಯಾಹ್ನ ಕಾಲೇಜುಗಳವರಷ್ಟೇ ಮತ್ತೆ ಕೂತು ತೀರ್ಮಾನಿಸುವುದೆಂದಾಯಿತು. ಅಷ್ಟರೊಳಗೆ ಭರವಸೆ ಕೊಡುವಂಥದ್ದೇನಾದರೂ ಸಿಕ್ಕರೆ ತಿಳಿಸಿ, ನಾನು ವಾದಿಸುತ್ತೇನೆ ಎಂದು ಹಿರೇಮಠ ಸರ್ ಬಾಗಿಲಲ್ಲಿ ಮೆಲ್ಲಗೆ ಹೇಳಿದರು.

ಹೊರಬಂದು ಕ್ಯಾಂಪಿನ ಬೀದಿಗಳಲ್ಲಿ ಬಹಳ ಹೊತ್ತು ನಡೆದೆ. ಹೆಂಚಿನ ಹಳೆಯ ಬಂಗಲೆಗಳು, ಸುಣ್ಣ ಹಚ್ಚಿದ ಮರದ ಬುಡಗಳು, ಇಗರ್ಜಿಯ ಗೇಟಿಗೆ ಕ್ರಿಸ್ಮಸ್ಸಿನ ನಕ್ಷತ್ರ ಕಟ್ಟುತ್ತಿದ್ದ ಇಬ್ಬರು. ಒಂದು ಬೆಂಚಿನ ಮೇಲೆ ಕೂತು ಸುರೇಖಾ ಅವರಿಗೆ ಸಂದೇಶ ಕಳಿಸಿದೆ: ಬೆಳಗಾವಿಗೆ ಬಂದಿದ್ದೇನೆ, ನಾಳೆ ನಿಮ್ಮನ್ನು ನೋಡಬಹುದೇ? ಉತ್ತರ ಬರಲಾರದು ಎಂದುಕೊಂಡೇ ಎದ್ದಿದ್ದೆ. ಹಿರೇಮಠರ ಮನೆ ಮುಟ್ಟುವಷ್ಟರಲ್ಲಿ ಬಂದಿತ್ತು. “ಬರ್ರಿ. ಊಟಕ್ಕ ಬರ್ರಿ.” ಅದರ ಕೆಳಗೆ ಮನೆಯ ಗುರುತು.

ಬೆಳಗ್ಗೆ ಆಟೋ ರವಿವಾರ ಪೇಟೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ಒಂದು ಲಾರಿಯಿಂದ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದರು. ಡ್ರೈವರು, ನಾನು, ಪಕ್ಕದ ಕೈಗಾಡಿಯವರು, ಎಲ್ಲರೂ ಸೀನುತ್ತ ಕೂತೆವು. ಸೀನುತ್ತಲೇ ಇಳಿದು ಬೆಳಗಾವಿಯ ಹೆಸರಾಂತ ಸಿಹಿ ಕುಂದಾ ಕಟ್ಟಿಸಿಕೊಂಡು ಬಂದೆ. ಖಾನಾಪುರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸೊನ್ನೆಯ ಟಿಕೆಟ್. ಇಪ್ಪತ್ತೈದು ಕಿಲೋಮೀಟರಿಗೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಊರು ಬಿಟ್ಟಂತೆ ಮಣ್ಣು ಕೆಂಪಾಗುತ್ತ, ಕೊಯ್ದ ಭತ್ತದ ಗದ್ದೆಗಳ ಮೇಲೆ ಮಂಜು ಕರಗುತ್ತ ಬಂತು. ಪಕ್ಕದಲ್ಲಿ ಕೂತ ಹೆಂಗಸು ಫೋನಿನಲ್ಲಿ ಮಗಳ ಜೊತೆ ಮರಾಠಿ, ಕಂಡಕ್ಟರನ ಜೊತೆ ಕನ್ನಡ ಮಾತಾಡುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಸುರೇಖಾ ಅವರ ಮೇಲ್‌ಗಳೂ ಹಾಗೆಯೇ ಇರುತ್ತಿದ್ದವು.

ಮನೆ ನಿಲ್ದಾಣದಿಂದ ದೂರವಿರಲಿಲ್ಲ. ಜಗುಲಿಯ ಕುರ್ಚಿಯಲ್ಲಿ ಅವರ ಯಜಮಾನರು ಕೂತು ಎಡಗೈಯಿಂದ ಅವರೆಕಾಳು ಬಿಡಿಸುತ್ತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನಿತ್ತು. “ಯಾ, ಬಸಾ,” ಎಂದು ಒಂದೊಂದೇ ಪದ ಎತ್ತಿಟ್ಟು, ಬಂದು ಕೂರುವಂತೆ ಮರಾಠಿಯಲ್ಲಿ ಕರೆದರು. ಒಳಗಿನಿಂದ ಬಂದ ಸುರೇಖಾ ನಾನು ಕಲ್ಪಿಸಿಕೊಂಡದ್ದಕ್ಕಿಂತ ಗಿಡ್ಡ, ಬೆಳ್ಳಿಗೂದಲಿನ, ಅಗಲ ಕುಂಕುಮದ ಹೆಂಗಸು. ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಡೆಗೆ ಅವರು ನನ್ನ ಕೈಚೀಲ ಇಸಿದುಕೊಂಡು, ದಾರಿಯಲ್ಲಿ ತ್ರಾಸಾಯಿತೇ ಎಂದು ಕೇಳಿದರು.

ಊಟಕ್ಕೆ ಅನ್ನ, ಕಡಲೆಹಿಟ್ಟಿನ ಪಿಠಲ, ನಾಚಣಿ ಭಾಕರಿ. ನಮ್ಮ ಕಡೆ ಮುದ್ದೆಯಾಗುವ ರಾಗಿಯೇ ಇಲ್ಲಿ ನಾಚಣಿ ಎನಿಸಿಕೊಂಡು ತೆಳ್ಳಗೆ ಕರ್ರಗೆ ರೊಟ್ಟಿಯಾಗಿ ತಟ್ಟೆಗೆ ಬಂದಿತ್ತು. ಊಟದ ನಡುವೆ ಅವರು ಒಂದೊಂದಾಗಿ ಹೇಳಿದರು. ಗಣೇಶನ ಹಬ್ಬದ ಮಾರನೆಯ ವಾರ ಯಜಮಾನರಿಗೆ ಲಕ್ವಾ ಹೊಡೆದಿತ್ತು. ಬೆಳಗಾವಿಯ ಆಸ್ಪತ್ರೆಯ ಹೊರಗೆ ಕೂತಿದ್ದಾಗ ಯಾವುದೋ ಕಾಲೇಜಿನವರು ಫೋನ್ ಮಾಡಿ, ಪಡಸಾಲೆಯಲ್ಲಿ ಅಂಕ ಕಾಣುತ್ತಿಲ್ಲ, ಇದು ನಿಮ್ಮ ಜವಾಬ್ದಾರಿ ಅಲ್ಲವೇ ಎಂದು ಗದರಿದ್ದರು. ಸಂಬಳವಿಲ್ಲದ, ಯಾರೂ ಒಪ್ಪಿಸದ ಕೆಲಸಕ್ಕೆ ಆ ಮಾತು. ಅಂದಿನಿಂದ ಆ ಕಡೆ ತಲೆ ಹಾಕಿರಲಿಲ್ಲ. ಈಚೆಗೆ ಅವರ ಕಾಲೇಜು ಕೂಡ ಕಂಪನಿಯ ಆಪಿಗೆ ಸಹಿ ಹಾಕಿಯಾಗಿತ್ತು.

“ಅದರಾಗ ಗ್ರಂಥಾಲಯಾ ಅನ್ನೂ ಪದಾನ ತಪ್ಪ ಬರದಾರ್ರಿ. ಹೇಳಿದೆ, ನೋಡ್ತೇವಿ ಅಂದ್ರು. ದಿನಾ ಕಣ್ಣಿಗೆ ಬೀಳ್ತದ, ಕೈ ಹಚ್ಚಾಕ ಬರೂದಿಲ್ಲ.” ಅವರು ತಟ್ಟೆಯತ್ತ ನೋಡುತ್ತಿದ್ದರು.

ಮರಳಿ ಬನ್ನಿ ಎಂದೆ. ಬಹಳ ಸಲ ಎಂದೆ. ಅವರು ನನ್ನ ತಟ್ಟೆಗೆ ಅನ್ನ ಬಡಿಸುತ್ತ ಕೇಳಿಸಿಕೊಂಡರು.

“ನಾ ಒಬ್ಬಾಕಿ ಬಂದು ಏನ ಆಗ್ತದ್ರಿ? ಇಬ್ಬರ ಹೌಸಿ-ಹುರುಪಿನ ಮ್ಯಾಲೆ ಇಷ್ಟ ಕಾಲೇಜು ನಡಿಬಾರದು. ಇದು ಅವರ ಕೆಲಸಾ ಆಗಬೇಕು. ಒಂದೊಂದ ಕಾಲೇಜಿನವ್ರು ಒಬ್ಬೊಬ್ಬ ಮಾಸ್ತರಿಗೆ ವಾರಕ್ಕ ಎರಡ ತಾಸು ಟೈಮ್‌ಟೇಬಲ್‌ನಾಗ ಹಾಕಲಿ. ಪಾಠಾ ಹೆಂಗ ಲೆಕ್ಕಕ್ಕ ಹಿಡೀತಾರ, ಹಂಗ ಇದನ್ನೂ ಹಿಡೀಲಿ. ಅಂದ್ರ ನಮ್ಮ ಹಿಂದನೂ ಇರ್ತದ.”

ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ನಾನು ಇಷ್ಟು ವರ್ಷ ಹುಡುಕಿದ್ದು ನಮ್ಮಂತೆಯೇ ಮರುಳಾಗುವವರನ್ನು. ಕೈ ತೊಳೆದು ಹಿರೇಮಠ ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಇನ್ನೊಮ್ಮೆ ಹೇಳಿಸಿಕೊಂಡು, ಇದನ್ನು ಸಭೆಯಲ್ಲಿ ಇಡಬಹುದು ಎಂದರು.

ಸಭೆಯ ತೀರ್ಮಾನಕ್ಕೆ ಕಾಯುವ ಹೊತ್ತಿನಲ್ಲಿ ನಾನು ಲ್ಯಾಪ್‌ಟಾಪ್ ತೆಗೆದೆ. ಸುರೇಖಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ಹಾಜರಿ ಪಟ್ಟಿಯಲ್ಲಿ ‘ಪಾಟೀಲ’ ಒಂದು ಕಡೆ, ‘ಪಾಟೀಲ್’ ಇನ್ನೊಂದು ಕಡೆ ಹೋಗಿ ಕೂರುತ್ತಿದ್ದ ಹಳೆಯ ದೋಷವೊಂದು ಉಳಿದಿತ್ತು. ಅವರು ಹೆಸರುಗಳನ್ನು ಹೇಳುತ್ತ ಹೋದರು, ನಾನು ತಿದ್ದುತ್ತ ಹೋದೆ. ಒಮ್ಮೆ ನಾನು ತಪ್ಪಿದಾಗ ನನ್ನ ಕೈ ಸರಿಸಿ ತಾವೇ ಅಳಿಸಿದರು. ಇಷ್ಟು ವರ್ಷ ಪರದೆಯ ಆಚೆ ಇದ್ದ ಕೈ ಇದು ಎಂದು ನೋಡಿದೆ. ಬೆರಳಿಗೆ ಅವರೆಯ ಸೊಗಡು ಅಂಟಿತ್ತು. ಪಾಟೀಲರೆಲ್ಲ ಒಂದೇ ಕಡೆ ಬಂದು ನಿಂತಾಗ ಅವರು ಯಜಮಾನರನ್ನು ಕೂಗಿ ಮರಾಠಿಯಲ್ಲಿ ಏನೋ ಹೇಳಿದರು. ಜಗುಲಿಯಿಂದ ನಗು ಕೇಳಿತು.

ನಾಲ್ಕರ ಸುಮಾರಿಗೆ ಹಿರೇಮಠ ಸರ್ ಫೋನ್ ಬಂತು. ದೊಡ್ಡ ಕಾಲೇಜುಗಳು ಕಂಪನಿಯ ಕಡೆ ಹೋದವು. ಅವರದೂ ಸೇರಿ ನಾಲ್ಕು ಕಾಲೇಜು ಪಡಸಾಲೆಯಲ್ಲಿ ಉಳಿದವು, ಒಬ್ಬೊಬ್ಬ ಅಧ್ಯಾಪಕರಿಗೆ ಜನವರಿಯಿಂದ ವಾರಕ್ಕೆ ಎರಡು ತಾಸು. ಅವರಲ್ಲಿ ಇಬ್ಬರು ಒಳಗಿನ ಕೋಡನ್ನು ಆಗಲೇ ಓದತೊಡಗಿದ್ದರಂತೆ. ಕೆಲಸ ಕಲಿಸಲು ಒಂದೆರಡು ತಿಂಗಳು ಜೊತೆಗಿದ್ದರೆ ಸಾಕು, ಆಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ ಎಂದು ನನಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಫೋನ್ ಇಟ್ಟ ಮೇಲೆ ನನಗೆ ಸಂತೋಷವಾಯಿತು, ಆ ಸಂತೋಷದ ಒಳಗೆ ಎಲ್ಲೋ ಖಾಲಿಯೂ ಆಯಿತು. ಸುರೇಖಾಗೆ ಹೇಳಿದೆ. “ಚಲೋ ಆತು,” ಎಂದು ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು.

ಹುಬ್ಬಳ್ಳಿ ಕಡೆಯ ಸಂಜೆಯ ರೈಲಿಗೆ ಕಳಿಸಲು ಅವರು ಸ್ಟೇಷನ್ನಿನವರೆಗೆ ಬಂದರು. ಪ್ಲಾಟ್‌ಫಾರ್ಮಿನಲ್ಲಿ ಗೋವೆಯ ಕಡೆಯ ಸಾಮಾನು ಹೊತ್ತ ಮಂದಿ, ಗೋಡಂಬಿ ಮಾರುವ ಒಬ್ಬ ಮುದುಕ. ಪಡುವಲ ಕಾಡಿನ ಮೇಲೆ ಬಿಸಿಲು ಹಳದಿಯಾಗಿತ್ತು. ನಾವು ಹೊಸ ಅಧ್ಯಾಪಕರ ಬಗ್ಗೆ, ಯಜಮಾನರ ಔಷಧದ ಬಗ್ಗೆ ಮಾತಾಡಿದೆವು. ರೈಲು ಬಂತು. ಒಳಗೆ ಹತ್ತಿ ಬಾಗಿಲಲ್ಲಿ ನಿಂತಾಗ ಅವರು ಕೇಳಿದರು:

“ಇನ್ನ ಮ್ಯಾಲೆ ಯಾವ ನೆವಾ ಮಾಡಿ ಮೇಲ್ ಬರೀತೀರಿ?”

ನೆವ ಯಾಕೆ ಬೇಕು, ಬರೆಯುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಕ್ಷೇಮವೇ ಎಂದು ಕೇಳಿ ಒಂದು ಮೇಲ್, ಕ್ಷೇಮ ಎಂದು ಒಂದು ಮೇಲ್, ಅಷ್ಟರಲ್ಲಿ ಮುಗಿದುಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಮ್ಮ ಅಷ್ಟೂ ಮಾತು ಒಂದು ಪದದ ಕೊಂಬು, ಒಂದು ಹೆಸರಿನ ಅರ್ಧಾಕ್ಷರದ ಮೂಲಕವೇ ನಡೆದಿತ್ತು. ಬೇರೆ ದಾರಿ ನಮಗೆ ಗೊತ್ತಿರಲಿಲ್ಲ.

ರೈಲು ಹೊರಟಿತು. ಹತ್ತಿದ ಜನರ ನೂಕಿಗೆ ನಾನು ಒಳಗೆ ಸರಿದಿದ್ದೆ. ಹೇಗೋ ಒಂದು ಕಿಟಕಿಗೆ ಬಗ್ಗಿ ಹಿಂದೆ ನೋಡಿದೆ. ಸುರೇಖಾ ಕದಲಿರಲಿಲ್ಲ. ನಾನು ಹತ್ತಿದ ಬಾಗಿಲಿದ್ದ ಜಾಗವನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಈಗ ಹಿಂದಿನ ಬೋಗಿಗಳು, ಒಂದಾದ ಮೇಲೊಂದು, ಅವರ ಮುಂದೆ ಹಾದುಹೋಗುತ್ತಿದ್ದವು.