ಎಡಕ್ಕೆ ಅಗ್ಗದ್ದು, ಬಲಕ್ಕೆ ಕಂಪನಿಯದ್ದು

ಊರಿನವರೆಲ್ಲ ಅವಳನ್ನು ಜೀಪಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಕಲ್ಲುಕ್ವಾರಿಯಲ್ಲಿ ಲಾರಿ ಓಡಿಸಿ, ಕ್ವಾರಿ ಮುಚ್ಚಿದಾಗ ಅಲ್ಲಿದ್ದ ಹಳೆಯ ಫೋರ್‌ವೀಲ್ ಜೀಪನ್ನು ಕೊಂಡು ಮನೆಗೆ ತಂದವಳು. ಅಂದಿನಿಂದ ಗುಡ್ಡದ ತುದಿಯ ಹವಾಮಾನ ಕೇಂದ್ರಕ್ಕೆ ಜನರನ್ನೂ ಸಾಮಾನನ್ನೂ ಹತ್ತಿಸುವುದು ಅವಳ ಕೆಲಸ. ಅದನ್ನು ರಸ್ತೆ ಎನ್ನುವುದು ಬರೀ ಮಾತಿಗೆ. ಹದಿನೇಳು ತಿರುವು, ಎರಡು ತೊರೆ, ಉಳಿದದ್ದೆಲ್ಲ ಕಲ್ಲು. ಆ ದಾರಿಯಲ್ಲಿ ಜೀಪಿನ ಒಂದಲ್ಲ ಒಂದು ಭಾಗ ತಿಂಗಳಿಗೊಮ್ಮೆ ಕೈಕೊಡುತ್ತಿತ್ತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಅವನ ತಂಗಿ ಬಸ್ ನಿಲ್ದಾಣದ ಹಿಂದೆ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟಿದ್ದಳು. ಅತ್ತಿಗೆ ನಾದಿನಿಯರು ಒಂದೇ ಬಟ್ಟಲಲ್ಲಿ ಉಣ್ಣುವಷ್ಟು ಅನ್ಯೋನ್ಯ; ಬಿಡಿಭಾಗದ ಮಾತು ಬಂದರೆ ಮಾತ್ರ ಹಾವು ಮುಂಗುಸಿ.

"ಕಂಪನಿ ಡಬ್ಬಿಗೆ ಯಾಕತ್ತಿಗೆ ಅಷ್ಟು ದುಡ್ಡು ಸುರೀತೀರಿ? ಇದೂ ರಬ್ಬರೇ, ಅದೂ ರಬ್ಬರೇ," ಎನ್ನುವಳು ನಾದಿನಿ.

"ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಹಾಗಾಗುತ್ತೆ ಕಣೇ," ಎನ್ನುವಳು ಜೀಪಮ್ಮ.

ಒಂದು ಮಳೆಗಾಲದ ಮುಂಚೆ ಮುಂದಿನ ಸ್ಪ್ರಿಂಗ್ ಪಟ್ಟಿಗಳ ರಬ್ಬರ್ ಬುಷ್‌ಗಳು ಸವೆದು ಜೀಪು ಕಿರುಗುಟ್ಟತೊಡಗಿತು. ಮತ್ತೆ ಅದೇ ವಾದ. ಸೂಜಿಗೆ ದಾರ ಪೋಣಿಸುತ್ತಿದ್ದ ದರ್ಜಿಗೆ ಸಾಕಾಗಿಹೋಯಿತು.

"ಎಡಕ್ಕೆ ಅವಳದ್ದು ಹಾಕು, ಬಲಕ್ಕೆ ನಿನ್ನದು ಹಾಕು. ಗುಡ್ಡವೇ ತೀರ್ಪು ಹೇಳಲಿ. ನನ್ನ ಕಿವಿಗಾದರೂ ಬಿಡುವು ಸಿಗುತ್ತೆ."

ಬುಷ್ ಹರಿದರೆ ಜೀಪು ಕುಲುಕೀತು, ಪ್ರಾಣಕ್ಕೇನೂ ಆಗದು. ಜೀಪಮ್ಮ ಒಪ್ಪಿದಳು. ಸುದ್ದಿ ಕೇಳಿ ಗಾಬರಿಯಾದವರು ಮಳೆಸಾಹೇಬರೊಬ್ಬರೇ. ಹವಾಮಾನ ಕೇಂದ್ರದಲ್ಲಿ ಮಳೆ ಅಳೆಯುವ ಅವರು ಯಾವಾಗಲೂ ಕೂರುತ್ತಿದ್ದುದು ಎಡಗಡೆ.

"ನಾನು ಕೂರೋ ಕಡೆಗೇ ಅಗ್ಗದ್ದು ಹಾಕಿದ್ದೀರಲ್ಲ!"

"ನೀವು ಹಗುರ ಇದ್ದೀರಿ ಸಾಹೇಬರೇ, ತಡೆಯುತ್ತೆ."

ತಡೆಯಿತು ಕೂಡ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದರೆ ಬಲಗಡೆಯ ಕಂಪನಿ ಬುಷ್ ಸೀಳಿ ಎರಡು ಹೋಳಾಗಿತ್ತು. ಎಡಗಡೆಯದು ಕೆಸರು ಒರೆಸಿದರೆ ಹೊಸದರಂತಿತ್ತು. ಜೀಪಮ್ಮ ಅದನ್ನು ಹಿಂಡಿದಳು, ಉಗುರಲ್ಲಿ ಗೀರಿದಳು, ಕೊನೆಗೆ ಮೂಸಿಯೂ ನೋಡಿದಳು. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ನಾದಿನಿ ಎರಡು ವಾರ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಕನ್ನಡಿ, ವೈಪರ್, ದೀಪದ ಗಾಜು, ಕಾಲಡಿಯ ಮ್ಯಾಟು ಎಲ್ಲವೂ ಅಗ್ಗದ್ದೇ ಬಂದವು, ಚೆನ್ನಾಗಿಯೂ ನಡೆದವು. ಒಮ್ಮೆ ಗೆದ್ದ ಕುದುರೆಯ ಮೇಲೆ ನಂಬಿಕೆ ಹೆಚ್ಚುವುದು ಸಹಜ. ಹಾಗಾಗಿ ಸ್ಟೇರಿಂಗ್‌ಗೂ ಚಕ್ರಕ್ಕೂ ನಡುವಿನ ಜಾಯಿಂಟ್ ಸಡಿಲವಾದಾಗ ನಾದಿನಿ ಹೆಸರಿಲ್ಲದ ಬಿಳಿ ಡಬ್ಬಿಯೊಂದನ್ನು ಮುಂದೆ ತಳ್ಳಿದಳು, ಜೀಪಮ್ಮ ಎರಡನೆಯ ಮಾತಾಡದೆ ತೆಗೆದುಕೊಂಡಳು.

ಆರನೆಯ ವಾರ, ಬೆಳಗಿನ ಮಂಜು. ಪಕ್ಕದಲ್ಲಿ ಮಳೆಸಾಹೇಬರು, ಹಿಂದೆ ಬ್ಯಾಟರಿ ಪೆಟ್ಟಿಗೆಗಳು. ಹನ್ನೊಂದನೆಯ ತಿರುವು ಹತ್ತುವಾಗ ಜೀಪಮ್ಮನ ಅಂಗೈಗೆ ಸಣ್ಣದೊಂದು ಟಕ್ ತಾಗಿತು. ಕಿವಿಗೆ ಕೇಳುವಂಥದ್ದಲ್ಲ. ಸ್ಟೇರಿಂಗ್ ಎರಡು ಬೆರಳಷ್ಟು ತಿರುಗಿದರೂ ಚಕ್ರ ಕದಲಲಿಲ್ಲ. ಅವಳು ತಕ್ಷಣ ಗುಡ್ಡದ ಮಗ್ಗುಲಿಗೆ ಜೀಪು ಒತ್ತಿ ನಿಲ್ಲಿಸಿದಳು. ಇನ್ನೊಂದು ಮಗ್ಗುಲಲ್ಲಿ ಬರೀ ಮಂಜಿತ್ತು, ನೆಲವಿರಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ತೂರಿ ನೋಡಿದಳು. ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದು ಒಳಗೆಲ್ಲ ಮರಳು. ಉಕ್ಕಿನ ಗುಂಡು ಬಿದ್ದುಹೋಗುವ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ಏನಾಯ್ತಮ್ಮ?"

"ಏನೂ ಆಗಲಿಲ್ಲ ಸಾಹೇಬರೇ. ಆಗೋದರಲ್ಲಿತ್ತು. ಇಳೀರಿ, ನಡೆಯೋಣ."

ಮಳೆಸಾಹೇಬರು ಇಳಿದು ನಡೆದರು. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ, "ಎಂಟು ವರ್ಷದಿಂದ ಈ ಗುಡ್ಡಕ್ಕೆ ಬರ್ತಿದ್ದೀನಿ. ಇಷ್ಟು ಹೂವಿದೆ ಅಂತ ಗೊತ್ತೇ ಇರಲಿಲ್ಲ," ಎಂದರು. ಜೀಪಮ್ಮನಿಗೆ ಆಗ ಉಸಿರು ಹಗುರವಾಯಿತು.

ಕೇಂದ್ರದ ಫೋನಿನಿಂದ ನಾದಿನಿಗೆ ಸುದ್ದಿ ಕೊಟ್ಟು ಜೀಪಮ್ಮ ಮತ್ತೆ ಜೀಪಿನ ಬಳಿಗೆ ಇಳಿದು ಬಂದಳು. ಮಧ್ಯಾಹ್ನದ ಹೊತ್ತಿಗೆ ನಾದಿನಿ ಅಂಗಡಿಗೆ ಬೀಗ ಹಾಕಿ, ಅಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಸ್ಕೂಟರ್ ನಿಂತಲ್ಲಿಂದ ಆಚೆ ನಡೆದುಕೊಂಡೇ ಬಂದಳು. ಕೈಯಲ್ಲಿ ಕಂಪನಿ ಜಾಯಿಂಟ್. ಅತ್ತಿಗೆಯ ಮುಖ ನೋಡಲಾರದೆ ನೇರ ಜೀಪಿನಡಿಗೆ ತೂರಿದಳು. ಅಲ್ಲಿಂದಲೇ ದನಿ ಬಂತು.

"ಅತ್ತಿಗೆ, ಬೈಯಬಾರದಾ?"

"ನಾನೇ ತಗೊಂಡಿದ್ದಲ್ವಾ? ಸ್ಪ್ಯಾನರ್ ಸರಿಯಾಗಿ ಹಿಡಿ ಮೊದಲು."

ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ ದರ್ಜಿ ಹೇಳಿದ: "ಕೋಟಿನ ಒಳಬಟ್ಟೆ ಅಗ್ಗದ್ದು ಹಾಕಿದರೆ ಯಾರಿಗೂ ಗೊತ್ತಾಗಲ್ಲ. ದಾರ ಅಗ್ಗದ್ದಾದರೆ ಸಭೆಯಲ್ಲಿ ಮಾನ ಹೋಗುತ್ತೆ. ನಿಮ್ಮ ಜೀಪಲ್ಲಿ ದಾರ ಯಾವುದು, ಒಳಬಟ್ಟೆ ಯಾವುದು ಅಂತ ನೀವಿಬ್ಬರೂ ಕೂತು ವಿಂಗಡಿಸಿ."

"ಇದನ್ನ ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?" ಎಂದರು ಇಬ್ಬರೂ ಒಟ್ಟಿಗೆ.

ಮುಂದಿನ ಭಾನುವಾರ ಇಬ್ಬರೂ ಅಂಗಡಿಯ ಕಪಾಟುಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡರು. ಬ್ರೇಕು, ಸ್ಟೇರಿಂಗ್, ಚಕ್ರದ ಬೇರಿಂಗ್ ಇವುಗಳಲ್ಲಿ ಹೆಸರಿಲ್ಲದ ಡಬ್ಬಿಗಳೆಲ್ಲ ಅಂಗಡಿಗೆ ತಂದುಕೊಟ್ಟವರಿಗೇ ವಾಪಸಾದವು. ಕನ್ನಡಿ, ಬುಷ್, ಮಡ್‌ಗಾರ್ಡ್‌ಗಳು ಹಾಗೆಯೇ ಉಳಿದವು. ಅಂದು ಬಂದ ಗಿರಾಕಿಗಳಿಗೆ ಜೀಪಮ್ಮನೇ ಉತ್ತರ ಕೊಟ್ಟಳು. ಅವಳ ಮಾತು ಜನಕ್ಕೆ ಹಿಡಿಸಿತು, ಅವಳಿಗೂ ಅದರ ರುಚಿ ಹತ್ತಿತು.

ಈಗ ಪ್ರತಿ ಭಾನುವಾರ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲು ಅವಳದ್ದೇ. ಯಾರಾದರೂ ಬಂದು "ಅಗ್ಗದ್ದು ಹಾಕಬಹುದಾ?" ಎಂದರೆ, "ಅದು ಕೈಕೊಟ್ಟರೆ ನೀವು ಬೈತೀರೋ, ಬೀಳ್ತೀರೋ? ಅದನ್ನ ಹೇಳಿ ಮೊದಲು," ಎನ್ನುತ್ತಾಳೆ. ಬೈಯುವುದಾದರೆ ಬಿಳಿ ಡಬ್ಬಿ ಕೊಡುತ್ತಾಳೆ. ಬೀಳುವುದಾದರೆ ನಾದಿನಿ ಆಗಲೇ ಏಣಿ ಹತ್ತಿ ಮೇಲಿನ ಕಪಾಟಿನ ಕಂಪನಿ ಡಬ್ಬಿಗೆ ಕೈ ಹಾಕಿರುತ್ತಾಳೆ.