ಫೋಟೊಗೆಂದು ಬಿಟ್ಟ ಈರುಳ್ಳಿ ಹೊಲ

ಆ ವರ್ಷ ಕೀಳುವ ಹೊತ್ತಿಗೇ ಮಳೆ ಹಿಡಿದು, ನಮ್ಮ ಕಪ್ಪು ಮಣ್ಣಿನ ಎರೆ ಹೊಲದ ಈರುಳ್ಳಿ ನೆಲದೊಳಗೇ ಕೊಳೆಯಿತು. ಎಳೆದರೆ ಸೊಪ್ಪು ಕೈಗೆ ಬರುತ್ತಿತ್ತು, ಗಡ್ಡೆ ಅಲ್ಲೇ ಉಳಿಯುತ್ತಿತ್ತು. ಜಗಳೂರು ಕಡೆ ಎಷ್ಟೋ ಹೊಲಗಳ ಪಾಡು ಅದೇ. ವಾಸನೆ ಮನೆತನಕ ಬರುತ್ತಿತ್ತು. ಉಣ್ಣುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಸರ್ಕಾರ ಪರಿಹಾರ ಕೊಡುತ್ತದೆಂದು ಸುದ್ದಿ ಬಂತು. ಆದರೆ ಜಮೀನಿನ ಲೆಕ್ಕ ನೋಡುವ ವಿ.ಎ. ಸಾಹೇಬರು ಹೊಲಕ್ಕೇ ಬಂದು ಹಾಳಾದ ಬೆಳೆಯ ಫೋಟೊ ಮೊಬೈಲಿನಲ್ಲಿ ತೆಗೆಯಬೇಕು. ಅಲ್ಲಿಯವರೆಗೆ ಕುಂಟೆ ಹೊಡೆದು ಹೊಲ ಹರಗುವಂತಿಲ್ಲ.

ಹೊಲ ಅತ್ತೆಯ ಹೆಸರಿನಲ್ಲಿತ್ತು. ಅವರು ದಿನಾ ಬೆಳಿಗ್ಗೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುವರು. "ಹದ ಐತೆ. ಈಗ್ಲೇ ಹರಗಿ ಕಡ್ಲೆ ಬಿತ್ತಿದ್ರೆ ಬರ್ತೈತೆ. ಇನ್ನೆಂಟು ದಿನ ಬಿಟ್ರೆ ಇಲ್ಲ," ಅಂದರು. ಎರೆ ಭೂಮಿಯ ಕಡಲೆಗೆ ಬೇರೆ ನೀರು ಬೇಡ, ಮಣ್ಣಿನ ತೇವವೇ ಸಾಕು. ಆ ತೇವ ಮಾತ್ರ ಯಾರಿಗೂ ಕಾಯುವುದಿಲ್ಲ.

ಕಾಯೋಣ ಅಂದವಳು ನಾನು.

"ಫೋಟೊ ಇಲ್ದೆ ದುಡ್ಡಿಲ್ಲ ಅತ್ತೆ. ಹರಗಿಬಿಟ್ರೆ ಏನು ತೋರಿಸ್ತೀರಿ, ಬರೀ ಮಣ್ಣಾ?"

"ಸತ್ತಿದ್ದನ್ನ ಹಿಂಗೆ ಇಟ್ಕೊಂಡು ಕೂರ್ತಾರೇನೇ? ಆ ಸಾಹೇಬ ಏನು ನಿಮ್ಮಣ್ಣನಾ, ಕರೆದ ಕೂಡ್ಲೆ ಬರಾಕೆ?"

ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡಿದರು. ಕೊನೆಗೆ ನನ್ನ ಮಾತೇ ನಡೆಯಿತು. ಬದುವಿನಾಚೆಯ ಹೊಲದವರು ಕಾಯಲಿಲ್ಲ. ಮರುದಿನವೇ ಹರಗಿ ಕಡಲೆ ಬಿತ್ತಿದರು.

ನಾನು ದಿನಕ್ಕೆರಡು ಸಲ ಸಾಹೇಬರಿಗೆ ಫೋನ್ ಮಾಡಿದೆ. "ನಾಳೆ ಬರ್ತೀನಮ್ಮ," "ಸರ್ವರ್ ಇಲ್ಲ," "ನಿಮಗಿಂತ ಮುಂಚೆ ಇನ್ನೆರಡು ಊರು ಅದಾವೆ." ಆತನ ತಪ್ಪೂ ಅಲ್ಲ; ಇದ್ದವನು ಒಬ್ಬ, ಕೊಳೆತದ್ದು ಎಲ್ಲ ಊರಲ್ಲೂ. ಅಷ್ಟರಲ್ಲಿ ಬಿಸಿಲು ಬಿತ್ತು. ಮಣ್ಣು ಅತ್ತೆಯ ಮುಷ್ಟಿಯಲ್ಲಿ ಉಂಡೆ ಕಟ್ಟದಾಯಿತು. ನೆಲ ಬಿರುಕು ಬಿಟ್ಟಿತು.

ಸಾಹೇಬರು ಬಂದದ್ದು ಇಪ್ಪತ್ತನೆಯ ದಿನ. ಹೊಲ ಯಾರ ಹೆಸರಿನಲ್ಲಿದೆಯೋ ಅವರೇ ಬೆಳೆಯ ನಡುವೆ ನಿಲ್ಲಬೇಕಂತೆ. ಮಂಡಿ ನೋವಿನ ಅತ್ತೆಯನ್ನು ರಟ್ಟೆ ಹಿಡಿದು ನಡೆಸಿದೆ. ಒಣಗಿ ಕರ್ರಗಾದ ಸೊಪ್ಪಿನ ನಡುವೆ ಸೆರಗು ಸರಿಮಾಡಿಕೊಂಡು ನಿಂತರು. ಎರಡು ನಿಮಿಷವೂ ಆಗಲಿಲ್ಲ.

"ಮುಗೀತಾ? ಇಷ್ಟಕ್ಕಾ?"

"ಮುಗೀತಜ್ಜಿ. ಇನ್ನು ಹರಗಿಕೊಳ್ರಿ."

"ಏನು ಹರಗ್ತಾರೆ ಇದನ್ನ? ನೀನೇ ಒಂದೀಟು ನಿಂತು ನೋಡಿ ಹೋಗಪ್ಪ."

ಆದರೂ ಅಂದು ಮಧ್ಯಾಹ್ನ ಮನೆಯವರು ಕುಂಟೆ ಹೂಡಿದರು. ಕುಂಟೆ ಇಳಿಯಲಿಲ್ಲ; ಕಲ್ಲಿನಂಥ ಹೆಂಟೆಗಳೆದ್ದವು. ನಾಲ್ಕು ಸಾಲಿಗೇ ಎತ್ತುಗಳ ಬಾಯಲ್ಲಿ ನೊರೆ. "ಬಿಡಪ್ಪಾ, ಅವಕ್ಯಾಕೆ ಶಿಕ್ಷೆ," ಎಂದು ಅತ್ತೆ ಬದುವಿನಿಂದ ಕೂಗಿದರು. ಆ ಚಳಿಗಾಲವೆಲ್ಲ ಹೊಲ ಹಾಗೇ ಬಿದ್ದಿತ್ತು.

ಪರಿಹಾರ ಬಂತು, ಸುಳ್ಳು ಹೇಳಬಾರದು. ಮೆಸೇಜು ಓದಿ ಹೇಳಿದೆ. "ನೀ ಅಂದಂಗೇ ಬಂತಲ್ಲ," ಅಂದು ಅತ್ತೆ ಅಕ್ಕಿ ಆರಿಸುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆ ದುಡ್ಡು ಸಂತೆ, ಔಷಧಿ ಅಂತ ತಿಂಗಳೊಪ್ಪತ್ತಿನಲ್ಲಿ ಕರಗಿತು.

ಕಡಲೆ ಕೀಳುವ ಕಾಲಕ್ಕೆ ನಾನು ಬದುವಿನಾಚೆಗೇ ಕೂಲಿಗೆ ಹೋದೆ. ಇಬ್ಬನಿ ಆರುವ ಮುಂಚೆ ಕೀಳಬೇಕು. ಗಿಡದ ಹುಳಿ ಬೆರಳ ಸಂದಿಗಿಳಿದು ಉರಿಯುತ್ತದೆ. ಆ ಹೊಲದಾಕೆ ನನ್ನ ಪಕ್ಕದ ಸಾಲು ಹಿಡಿದಿದ್ದಳು.

"ನಿಮಗಾದ್ರೆ ಸರ್ಕಾರದ ದುಡ್ಡು ಬಂತಕ್ಕಾ. ಫೋಟೊಗೆ ಮುಂಚೇನೇ ಹರಗಿದ್ರಿ ಅಂತ ನಮಗೆ ಒಂದು ಪೈಸೆ ಕೊಡ್ಲಿಲ್ಲ ನೋಡು," ಅಂದಳು.

ಚುಚ್ಚಿ ಹೇಳಿದ್ದಲ್ಲ, ನಿಜವಾಗಿ ಹೊಟ್ಟೆ ಉರಿದೇ ಹೇಳಿದ್ದು. ನಾನು ಕಿತ್ತ ಗಿಡಗಳನ್ನು ಕೊಡವಿ ಅವಳ ಗುಡ್ಡೆಗೆ ಹಾಕಿದೆ.